ದೊಡ್ಡನೀರಿನ ಹೊಟ್ಟೆ

ಜೂನ್ 12

ಪ್ರೀತಿಯ ಅತ್ತಿಗೆ,

ನಿಮ್ಮ ಈಜುಶಾಲೆ ಶುರುವಾಗಿರಬೇಕು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಮಕ್ಕಳನ್ನೆಲ್ಲ ನೀರಿಗೆ ಅಟ್ಟುವ ನಿಮ್ಮನ್ನು ನೆನೆಸಿಕೊಂಡೇ ಈ ಕಾಗದ ಬರೆಯಲು ಕೂತಿದ್ದೇನೆ. ನನಗೆ ಈ ಸಲವೂ ಬಡ್ತಿ ಇಲ್ಲ, ರಜೆ ಇಲ್ಲ, ಸಿಕ್ಕಿರುವುದು ಸರೋವರಗಳು. ನಾವು ತರುತ್ತಿರುವ ಮಕ್ಕಳ ಭೂಪಟದ ಪುಸ್ತಕದಲ್ಲಿ ಜಗತ್ತಿನ ದೊಡ್ಡ ಸರೋವರಗಳ ಪುಟಗಳನ್ನು ಸಂಪಾದಕರು ನನ್ನ ತಲೆಗೆ ಕಟ್ಟಿದ್ದಾರೆ. ಫ್ಯಾನ್ ಕೂಡ ನೆಟ್ಟಗೆ ತಿರುಗದ ಮೂರನೇ ಮಹಡಿಯ ಕೋಣೆಯಲ್ಲಿ ಕೂತು ನೀರಿನ ಬಗ್ಗೆ ಬರೆಯುವುದೆಂದರೆ, ಉಪವಾಸವಿದ್ದು ಅಡುಗೆ ಪುಸ್ತಕ ಓದಿದ ಹಾಗೆ.

ಆದರೂ ಎಷ್ಟು ಸೊಗಸು ಗೊತ್ತಾ! ಕ್ಯಾಸ್ಪಿಯನ್ ಸಮುದ್ರ ಅಂತ ಹೆಸರಿಟ್ಟುಕೊಂಡು ಮೆರೆಯುವುದು ನಿಜಕ್ಕೂ ಒಂದು ಸರೋವರ. ಉಪ್ಪುನೀರಿನದು, ಜಗತ್ತಿಗೇ ದೊಡ್ಡದು. ಸಿಹಿನೀರಿನವುಗಳಲ್ಲಿ ಹರವಿಗೆ ಅಮೆರಿಕದ ಸುಪೀರಿಯರ್, ಆಳಕ್ಕೆ ರಷ್ಯಾದ ಬೈಕಲ್. ನೆಲದ ಮೇಲೆ ಹೆಪ್ಪುಗಟ್ಟದೆ ನಿಂತಿರುವ ಸಿಹಿನೀರಿನಲ್ಲಿ ಐದರಲ್ಲೊಂದು ಪಾಲು ಆ ಬೈಕಲ್ ಒಂದರ ಹೊಟ್ಟೆಯಲ್ಲೇ ಇದೆಯಂತೆ. ಓದುತ್ತ ಓದುತ್ತ ನನಗೇ ಬಾಯಾರಿಕೆಯಾಯಿತು.

ಆ ಪುಟಗಳ ಕೊನೆಯಲ್ಲಿ 'ದಡದವರ ಮಾತು' ಅಂತ ಒಂದು ಚೌಕ ಬಿಟ್ಟಿದ್ದೇವೆ. ನಿಮ್ಮೂರಿನ ಸರೋವರದ ಬಗ್ಗೆ ಅದಕ್ಕೆ ನೀವೇ ಬರೆದುಕೊಡಬೇಕು. ದಿನಾ ಅದರಲ್ಲಿ ಮುಳುಗಿ ಏಳುವವರು ನೀವು. ಬೆಳಗಿನ ಬೆಳಕು, ಹಕ್ಕಿ, ದೋಣಿ, ಏನಾದರೂ ಸರಿ.

ಅಮ್ಮನ ಮಂಡಿನೋವು ಹೇಗಿದೆ? ಅಣ್ಣ ಈಗಲೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ನೀರು ಕುಡಿಯುತ್ತಾನಾ? ಅಷ್ಟು ಚೊಕ್ಕಟದ ಮನುಷ್ಯ ಮೀನಿನ ಡಬ್ಬಿ ತುಂಬುವ ಕಾರ್ಖಾನೆಗೆ ಮ್ಯಾನೇಜರ್ ಆದದ್ದು ನನಗೆ ಇನ್ನೂ ನಗು.

ನಿಮ್ಮ ಮುದ್ದಿನ ನಾದಿನಿ,
ಚೂಟಿ


ಜೂನ್ 29

ಚೂಟಿ,

ನಿನ್ನ ಚೌಕಕ್ಕೆ ಬೆಳಗಿನ ಬೆಳಕು ಬೇಕಂತೆ, ಹಕ್ಕಿ ಬೇಕಂತೆ. ನನ್ನ ಹತ್ತಿರ ಸದ್ಯಕ್ಕೆ ಇರುವುದು ಲೋಳೆ. ಕಳಿಸಲಾ?

ಇಲ್ಲಿಯವರು ಇದನ್ನು ಸರೋವರ ಅನ್ನುವುದಿಲ್ಲ, ದೊಡ್ಡನೀರು ಅನ್ನುತ್ತಾರೆ. ಆಚೆಯ ದಡ ಕಾಣುವುದಿಲ್ಲ. ತಾನೇ ಮೋಡ ಹುಟ್ಟಿಸಿ, ತಾನೇ ಮಳೆ ಸುರಿಸಿಕೊಂಡು, ತಾನೇ ಸುಮ್ಮನಾಗುತ್ತದೆ. ಮೂರು ವರ್ಷದ ಹಿಂದೆ ಇವರಿಗೆ ಇಲ್ಲಿ ಕೆಲಸವಾದಾಗ ಈ ನೀರು ನೋಡಿ ಹುಚ್ಚಿಯ ಹಾಗೆ ಕುಣಿದವಳು ನಾನು. ಈ ವರ್ಷ ನೀರಿಗಿಳಿದರೆ ಸ್ನಾನ ಮಾಡಿದ ಹಾಗಾಗುವುದಿಲ್ಲ, ಯಾವುದೋ ಪ್ರಾಣಿ ಮೈಯೆಲ್ಲ ನೆಕ್ಕಿದ ಹಾಗಾಗುತ್ತದೆ. ಮೇಲೆ ಬಂದು ಸೋಪು ತಿಕ್ಕಿದರೂ ಕೂದಲಿನ ನಾತ ಹೋಗುವುದಿಲ್ಲ. ಮಕ್ಕಳ ತೊಡೆಯ ಮೇಲೆ ಗಂಧೆ ಏಳುತ್ತಿವೆ. ಬಡಗಿಯ ಮಗಳೊಬ್ಬಳಿದ್ದಾಳೆ, ಮೀನಿನ ಹೊಟ್ಟೆಯಲ್ಲೇ ಹುಟ್ಟಿದವಳ ಹಾಗೆ ಈಜುವವಳು. ಕಿವಿನೋವು ಅಂತ ಒಂದು ವಾರದಿಂದ ದಡದ ಮೇಲೆ ಮುದುಡಿ ಕೂರುತ್ತಾಳೆ.

ನನಗೂ ಬೆಳಿಗ್ಗೆ ಎದ್ದರೆ ವಾಕರಿಕೆ. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುವುದಿಲ್ಲ. ನಿನ್ನೆ ಟೀ ಕುಡಿದದ್ದನ್ನೂ ಹಿತ್ತಲಿಗೆ ಓಡಿ ಕಕ್ಕಿದೆ. ಅತ್ತೆ ಬೆನ್ನು ಸವರಿದರು.

ಒಂದು ವಿಷಯ ಹೇಳು. ದಡದ ಹತ್ತಿರ ನೀರು ತಿಳಿಯಾಗಿಯೇ ಕಾಣುತ್ತದೆ. ಆದರೆ ಆಳಕ್ಕೆ ಕಾಲು ಬಿಟ್ಟರೆ ಇದ್ದಕ್ಕಿದ್ದ ಹಾಗೆ ತಣ್ಣಗೆ, ಎಣ್ಣೆ ಸವರಿದ ಹಾಗೆ. ಒಂದೇ ನೀರು ಎರಡು ತರಹ ಇರುತ್ತದಾ?

ನಿನ್ನ ಅತ್ತಿಗೆ


ಜುಲೈ 10

ನನ್ನ ಬಂಗಾರದ ಅತ್ತಿಗೆ,

ವಾಕರಿಕೆ! ಬೆಳಿಗ್ಗೆ! ಊಟ ಸೇರುವುದಿಲ್ಲ! ಅಮ್ಮ ಬೆನ್ನು ಸವರಿದರು! ಇಷ್ಟೆಲ್ಲ ಬರೆದು, ಮುಖ್ಯವಾದದ್ದನ್ನು ಬರೆಯದೆ, ಕೊನೆಗೆ ನೀರಿನ ವಿಚಾರ ಕೇಳುತ್ತೀರಲ್ಲ, ನಿಮಗೆ ನಾಚಿಕೆಯಾ? ನಾನು ಆಫೀಸಿನಲ್ಲಿ ಕುರ್ಚಿಯಿಂದ ಎದ್ದು ಕುಣಿದೆ. ಪಕ್ಕದ ಮೇಜಿನ ನಕ್ಷೆಗಾರ ಬಡ್ತಿ ಬಂತಾ ಅಂತ ಕೇಳಿದ. ಹೂಂ, ಸೋದರತ್ತೆಯಾಗಿ ಬಡ್ತಿ ಅಂದೆ. ಈಗಲೇ ಹೇಳಿಬಿಡುತ್ತೇನೆ, ಮಗುವಿಗೆ ಭೂಗೋಳ ನನ್ನದು, ಈಜು ನಿಮ್ಮದು, ಕೈ ತೊಳೆಯುವುದನ್ನು ಅಣ್ಣ ಕಲಿಸಲಿ.

ಇನ್ನು ನಿಮ್ಮ ಪ್ರಶ್ನೆ. ಆಳದ ಸರೋವರ ಬೇಸಗೆಯಲ್ಲಿ ಎರಡಂತಸ್ತಿನ ಮನೆ. ಮೇಲಿನ ನೀರು ಬಿಸಿಲಿಗೆ ಬೆಚ್ಚಗಾಗಿ ಹಗುರವಾಗಿ ಮೇಲೇ ಇರುತ್ತದೆ. ತಣ್ಣನೆಯದು ಭಾರ, ಕೆಳಗೇ ಕೂತಿರುತ್ತದೆ. ಜಗಳವಾಡಿದ ಓರಗಿತ್ತಿಯರ ಹಾಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೆಳಗೆ ಬಿದ್ದದ್ದು ಕೆಳಗೇ. ಬೇಸಗೆ ಕಳೆದು ಮೇಲಿನ ನೀರು ತಣ್ಣಗಾಗಿ, ದೊಡ್ಡ ಗಾಳಿ ಬೀಸಿದಾಗ ಎರಡೂ ಬೆರೆತು ಸರೋವರ ಮಗುಚಿಕೊಳ್ಳುತ್ತದೆ. ಆಗ ತಳದ್ದೆಲ್ಲ ಮೇಲೆ ಬರುತ್ತದೆ. ಆಫ್ರಿಕಾದ ಟಾಂಗನ್ಯೀಕಾದಂಥ ಕೆಲವು ಮಾತ್ರ ಪೂರ್ತಿ ಮಗುಚುವುದೇ ಇಲ್ಲ. ಅವುಗಳ ತಳಕ್ಕೆ ಗಾಳಿಯೇ ತಲುಪುವುದಿಲ್ಲವಂತೆ.

ಸಾಕು. ಇನ್ನು ಮೇಲೆ ಡೈವ್ ಗೀವ್ ಹೊಡೆಯಬೇಡಿ. ಹುಳಿ ತಿನ್ನಿ.

ಚೂಟಿಯತ್ತೆ


ಆಗಸ್ಟ್ 8

ಚೂಟಿ,

ಮಗು ಇಲ್ಲ. ಇರಲೂ ಇಲ್ಲ. ನಿನ್ನ ಖುಷಿಗೆ ತಣ್ಣೀರು ಎರಚುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಎರಡಂತಸ್ತಿನ ಮನೆ ಅಂದೆಯಲ್ಲ, ನಾನು ಕೆಳಗಿನ ಅಂತಸ್ತು ನೋಡಿ ಬಂದೆ. ಊರಿನ ದೋಣಿಕಾರ ಮುದುಕನೊಬ್ಬ ದೋಣಿ ಹಿಡಿದು ನಿಂತಿದ್ದ. ಉಸಿರು ಬಿಗಿಹಿಡಿದು ಇಳಿದೆ. ಅಲ್ಲಿ ಒಂದು ಕೊಳವೆ ಇದೆ, ಮನುಷ್ಯ ತೂರುವಷ್ಟು ದಪ್ಪದ್ದು. ಅದರ ಬಾಯಿಂದ ಮೀನಿನ ತಲೆ, ಕರುಳು, ಪಿತ್ತ, ಹುರುಪೆ ಎಲ್ಲ ಗಂಜಿಯ ಹಾಗೆ ಉಕ್ಕುತ್ತಿದೆ. ಸುತ್ತ ಗುಡ್ಡೆ ಬಿದ್ದಿದೆ. ತಿರುಗುವಾಗ ಆಯ ತಪ್ಪಿ ಕೈ ಊರಿದೆ, ಮೊಣಕೈವರೆಗೆ ಹೂತುಹೋಯಿತು. ಬೆಚ್ಚಗಿತ್ತು, ಚೂಟಿ. ಅಷ್ಟು ತಣ್ಣನೆಯ ನೀರಿನಲ್ಲಿ ಅದು ಮಾತ್ರ ಬೆಚ್ಚಗಿತ್ತು. ಕಣ್ಣಿಲ್ಲದ ತಲೆಗಳು ಬಾಯಿ ತೆರೆದುಕೊಂಡು ನನ್ನ ಎದೆಗೆ ಬಂದು ತಾಗುತ್ತಿದ್ದವು.

ದೋಣಿ ಹತ್ತಿದ ಮೇಲೆ ಹೊಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಮುದುಕ ತಲೆ ತಿರುಗಿಸಿಕೊಂಡು "ಎಲ್ರಿಗೂ ಗೊತ್ತಿರೋದೇ ಕಣಮ್ಮ, ನೀವು ಯಾಕೆ ನೋಡಕ್ಕೆ ಹೋದ್ರಿ" ಅಂದ. ಆ ಮಾತು ಆ ಗಂಜಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿತು.

ಇಂಥ ನೀರು ತಾನಾಗಿ ತೊಳೆದುಕೊಳ್ಳಲು ಎಷ್ಟು ಕಾಲ ಬೇಕು? ನಿನ್ನ ಪುಸ್ತಕಗಳಲ್ಲಿ ಇದ್ದರೆ ಬರೆ.

ಅತ್ತಿಗೆ


ಆಗಸ್ಟ್ 21

ಅತ್ತಿಗೆ,

ಓದಿದೆ. ಸುಮ್ಮನೆ ಕುಣಿದದ್ದಕ್ಕೆ ಕ್ಷಮಿಸಿ.

ಆದರೆ ನೀವೇಕೆ ಒಬ್ಬರೇ ಒದ್ದಾಡುತ್ತಿದ್ದೀರಿ? ಯಾವನೋ ಕಳ್ಳ ಮೀನು ವ್ಯಾಪಾರಿಯ ಕೆಲಸ ಇದು. ಅಣ್ಣನಿಗೆ ಹೇಳಿ. ಎಂಜಲು ತಟ್ಟೆ ಮೇಜಿನ ಮೇಲೆ ಉಳಿದರೇ ಮನೆ ತಲೆಕೆಳಗು ಮಾಡುವವನು, ಇದನ್ನು ಕೇಳಿದರೆ ಒಂದು ದಿನ ತಡೆಯುತ್ತಾನಾ? ಅವನ ಮಾತಿಗೆ ಆ ಊರಿನಲ್ಲಿ ತೂಕ ಇದೆ. ನೀವು ಇನ್ನೂ ಹೇಳಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ನದಿಯ ಹಾಗಲ್ಲ ಅತ್ತಿಗೆ, ಸರೋವರ. ನದಿಗೆ ಹಾಕಿದ್ದು ಮುಂದಿನೂರಿನ ಪಾಲು. ಸರೋವರಕ್ಕೆ ಹಾಕಿದ್ದು ಅಲ್ಲೇ. ಸುಪೀರಿಯರ್‌ನ ನೀರು ಪೂರ್ತಿ ಬದಲಾಗಲು ಸುಮಾರು ಇನ್ನೂರು ವರ್ಷ ಬೇಕು ಅನ್ನುತ್ತಾರೆ, ಬೈಕಲ್‌ಗೆ ಮುನ್ನೂರಕ್ಕೂ ಮೇಲೆ. ನಿಮ್ಮದು ಅಷ್ಟು ದೊಡ್ಡದಲ್ಲ. ಆದರೂ ನಮ್ಮ ಆಯುಷ್ಯದ ಮಾತಲ್ಲ.

ಚೂಟಿ


ಸೆಪ್ಟೆಂಬರ್ 14

ಚೂಟಿ,

ನೀನು ಹೇಳಿದ ಹಾಗೆ ನಿನ್ನಣ್ಣನಿಗೆ ಹೇಳಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕಾರ್ಖಾನೆಯಿಂದ ಬಂದು ತೊಟ್ಟಿಯ ಹತ್ತಿರ ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದರು. "ನಿಮ್ಮ ಕಾರ್ಖಾನೆ ಎದುರಿಗೆ ನೀರಿನ ತಳದಲ್ಲಿ ಒಂದು ಕೊಳವೆ ಇದೆ, ಗೊತ್ತಾ?" ಅಂದೆ.

"ಗೊತ್ತಿಲ್ದೆ ಏನು? ಹಾಕ್ಸಿದ್ದೇ ನಾನು."

ಆಗಸ್ಟ್‌ನಲ್ಲೇ ನನಗೆ ಗೊತ್ತಿತ್ತು. ಕೊಳವೆ ಎಲ್ಲಿಂದ ಬರುತ್ತದೆ ಅಂತ ದೋಣಿಯ ಮೇಲಿಂದಲೇ ಕಾಣುತ್ತಿತ್ತು. ಅವರ ಬಾಯಿಂದ ಬೇರೆ ಏನಾದರೂ ಬರಲಿ ಅಂತ ಇಷ್ಟು ದಿನ ಕೇಳದೆ ಉಳಿದಿದ್ದೆ.

"ಲಾರೀಲಿ ಸಾಗಿಸ್ತಿದ್ದಾಗ ದಾರಿ ತುಂಬ ಸೋರುತ್ತೆ, ನಾತ ತಡ್ಯಕ್ಕಾಗಲ್ಲ ಅಂತ ಊರೋರೇ ಬಂದು ಕೂಗಾಡಿದ್ರು. ಈಗ ರಸ್ತೆ ನೋಡು, ಕನ್ನಡಿ ಇದ್ದಹಾಗಿದೆ. ಒಬ್ರಾದ್ರೂ ಬಾಯಿ ಬಿಡ್ತಾರಾ?"

"ಅದು ಮಕ್ಕಳು ಈಜೋ ನೀರು. ಬಡಗಿ ಮಗಳಿಗೆ ಒಂದು ಕಿವಿ ಕೇಳಿಸ್ತಿಲ್ಲ. ಕೀವು ಒಳಗೇ ತಿಂದ್ಹಾಕಿದೆ, ಇನ್ನು ಬರಲ್ಲ ಅಂತ ಡಾಕ್ಟರು ಹೇಳಿದಾರೆ."

"ಮಕ್ಳಿಗೆ ಕಿವಿನೋವು ಬರೋದು ಹೊಸದಾ? ಎಷ್ಟು ದೊಡ್ಡ ನೀರು ಕಣೆ ಅದು! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ." ಕೈ ಒರೆಸಿಕೊಂಡರು. ಟವೆಲ್ ಮೂಸಿ ನೋಡಿದರು. "ಇದು ಒಗ್ದಿಲ್ಲ ಅನ್ಸುತ್ತೆ. ಬೇರೆ ಕೊಡು."

ಬೇರೆ ಟವೆಲ್ ಕೊಟ್ಟೆ. ಕೊಡುವಾಗ ಅವರ ಬೆರಳು ತಾಗಿತು; ಅಂದು ನೀರಿನ ತಳದಲ್ಲಿ ಕೈ ಹೂತಾಗ ಆದ ಹೇಸಿಗೆಯೇ ಆಯಿತು. ಅಂದಿನಿಂದ ನಾನು ಅತ್ತೆಯ ಕೋಣೆಯಲ್ಲಿ ಮಲಗುತ್ತಿದ್ದೇನೆ. ಅವರು ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದರು. ಚಾಪೆ ಬಿಡಿಸಿ ಕೊಟ್ಟರು, ಮಾತಾಡಲಿಲ್ಲ.

ಅಕ್ಟೋಬರ್ ಕೊನೆಗೆ ಮಕ್ಕಳ ಈಜುಸ್ಪರ್ಧೆ. ಪದಕ ಕಾರ್ಖಾನೆಯದು, ರಿಬ್ಬನ್ ಕತ್ತರಿಸುವುದು ನಿನ್ನಣ್ಣ.

ಅತ್ತಿಗೆ


ಸೆಪ್ಟೆಂಬರ್ 27

ಅತ್ತಿಗೆಯವರಿಗೆ,

ನಿಮ್ಮ ಕಾಗದ ಬಂದ ದಿನವೇ ಅಣ್ಣ ಫೋನ್ ಮಾಡಿದ್ದ. ನಿಮಗೆ ನಿದ್ದೆ ಇಲ್ಲ, ಊಟ ಇಲ್ಲ, ಎಲ್ಲರ ಮೇಲೂ ಸಿಡಿಯುತ್ತೀರಿ ಅಂದ. ಅವನ ದನಿ ಸೋತಿತ್ತು.

ಅವನು ತಪ್ಪೇ ಮಾಡಿಲ್ಲ ಅನ್ನುವುದಿಲ್ಲ. ಆದರೆ ಅಪ್ಪ ಹೋದ ಮೇಲೆ ನನ್ನ ಜಡೆ ಹೆಣೆದು, ಬೂಟಿಗೆ ಪಾಲಿಶ್ ಹಾಕಿ ಶಾಲೆಗೆ ಕಳಿಸಿದವನು ಅವನು. ಅಂಥವನನ್ನು ಮುಟ್ಟಿದರೆ ಹೇಸಿಗೆ ಅಂತ ಅವನ ತಂಗಿಗೇ ಬರೆಯುತ್ತೀರಲ್ಲ! ಮಗುವಿನ ವಿಷಯ ಸುಳ್ಳಾದ ಸಂಕಟವನ್ನು ಅವನ ಮೇಲೆ ತೀರಿಸಿಕೊಳ್ಳುತ್ತಿದ್ದೀರೇನೋ ಅಂತ ನನಗೆ ಅನುಮಾನ. ಮನೆಯ ಮಾತು ಮನೆಯಲ್ಲಿ ಇರಲಿ. ನೀರು ಕಲಕಿದಷ್ಟೂ ರಾಡಿ ಏಳುತ್ತದೆ.

ಇತಿ,
ನಿಮ್ಮ ನಾದಿನಿ


ಅಕ್ಟೋಬರ್ 19

ಅತ್ತಿಗೆ,

ಉತ್ತರ ಬರಲಿಲ್ಲ. ಕಾಗದ ಸೇರಲಿಲ್ಲವೋ, ಸೇರಿಯೂ ಬರೆಯಲು ಮನಸ್ಸಿಲ್ಲವೋ. ನಾನು ಬರೆಯಬಾರದ ಒಂದು ಸಾಲು ಬರೆದೆ. ಯಾವುದು ಅಂತ ನಿಮಗೆ ಗೊತ್ತು.

ಆ ಕಡೆ ನಾಲ್ಕು ದಿನದಿಂದ ಬಿರುಗಾಳಿ ಅಂತ ಸುದ್ದಿಯಲ್ಲಿ ಬಂತು. ಸರೋವರ ಮಗುಚುವ ಕಾಲ ಇದು. ಅಮ್ಮನನ್ನು ದಡದ ಕಡೆ ಬಿಡಬೇಡಿ. ನೀವೂ ಹೋಗಬೇಡಿ.

ಚೂಟಿ


ನವೆಂಬರ್ 2

ಚೂಟಿ,

ಆ ಸಾಲು ಓದಿದೆ. ಅದಕ್ಕೆ ಉತ್ತರ ಬರೆಯುವುದಿಲ್ಲ. ಉಳಿದದ್ದಕ್ಕೆ ಬರೆಯುತ್ತೇನೆ.

ಗಾಳಿ ನಿಂತ ಬೆಳಿಗ್ಗೆ ಊರಿಗೆ ಊರೇ ಮೂಗು ಮುಚ್ಚಿಕೊಂಡು ಎದ್ದಿತು. ದೊಡ್ಡನೀರು ಒಡೆದ ಹಾಲಿನ ಬಣ್ಣಕ್ಕೆ ತಿರುಗಿತ್ತು. ಕೊಳೆತ ಮೊಟ್ಟೆಯ ನಾತ. ಉಸಿರು ಕಟ್ಟಿ ಸತ್ತ ಮೀನು ದಡದುದ್ದಕ್ಕೂ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಅವುಗಳ ನಡುವೆ ತಲೆ ಮಾತ್ರ ಇದ್ದವು, ಕರುಳು ಮಾತ್ರ ಇದ್ದವು. ಅದರ ಮುಂದಿನ ಭಾನುವಾರ ಸ್ಪರ್ಧೆಯಿತ್ತು. ನಿಲ್ಲಿಸಿ ಅಂತ ಈಜುಸಂಘದ ಅಧ್ಯಕ್ಷರ ಮನೆಗೆ ಹೋದೆ. "ಪದಕ ಬಂದಾಗಿದೆ, ಪೇಪರಿನೋರು ಬರ್ತಾರೆ" ಅಂದರು. ಕಾರ್ಖಾನೆಯ ಆಳುಗಳು ಸತ್ತದ್ದನ್ನೆಲ್ಲ ಬಾಚಿ, ಶಾಮಿಯಾನದ ಹಿಂದೆ ಗುಡ್ಡೆ ಹಾಕಿ ತಾಡಪಾಲು ಮುಚ್ಚಿದರು. ಮರಳಿನ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿದರು, ಗಣ್ಯರ ಕುರ್ಚಿಗಳಿಗೆ ಸೆಂಟು ಹೊಡೆದರು. ಸೆಂಟು, ಬ್ಲೀಚಿಂಗ್, ಕೊಳೆತ ಮೀನು ಮೂರೂ ಸೇರಿದ ಆ ವಾಸನೆಯನ್ನು ಯಾವ ಭಾಷೆಯಲ್ಲಿ ಬರೆಯಲಿ?

ಮಕ್ಕಳು ಈಜುಡುಗೆ ತೊಟ್ಟು ಸಾಲಾಗಿ ನಿಂತಿದ್ದವು. ಬಡಗಿಯ ಮಗಳು ಕಿವಿಗೆ ಪಟ್ಟಿ ಕಟ್ಟಿಕೊಂಡು ತನ್ನ ಅಮ್ಮನ ಪಕ್ಕ ನಿಂತು ನೋಡುತ್ತಿದ್ದಳು. ಅಧ್ಯಕ್ಷರು ನನ್ನ ಕಿವಿಯಲ್ಲಿ "ಐದೇ ನಿಮಿಷ ಇಳಿದು ಬರಲಿ, ಫೋಟೋ ಆದ್ರೆ ಸಾಕು" ಅಂದರು. ನಿನ್ನಣ್ಣ ರಿಬ್ಬನ್ ಕತ್ತರಿಸಿದರು. ಬಿಳಿ ಅಂಗಿ, ಬಿಳಿ ಪ್ಯಾಂಟು. ಎಲ್ಲರೂ ನನ್ನ ಸೀಟಿಗೆ ಕಾಯುತ್ತಿದ್ದರು.

ನಾನು ಸೀಟಿ ಊದಲಿಲ್ಲ. ಮೈಕು ತಗೊಂಡೆ. "ಮಕ್ಕಳಿಗಿಂತ ಮೊದಲು ಮ್ಯಾನೇಜರ್ ಸಾಹೇಬರು ಇಳೀತಾರೆ. ಈಜೋದು ಬೇಡ, ಮೊಣಕಾಲು ಮುಳುಗಿದ್ರೆ ಸಾಕು" ಅಂದೆ.

ಜನ ತಮಾಷೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅವರೂ ನಕ್ಕರು. ಬೂಟು ಬಿಚ್ಚಿ, ಪ್ಯಾಂಟು ಮಡಚಿ ನೀರಿನ ಅಂಚಿಗೆ ಬಂದರು. ಅಲ್ಲಿ ನಿಂತರು. ಚಪ್ಪಾಳೆ ನಿಂತಿತು. ಅವರು ನೀರನ್ನು ನೋಡಿದರು, ನನ್ನನ್ನು ನೋಡಿದರು. "ಇದೆಲ್ಲ ಏನು?" ಅಂದರು ಮೆಲ್ಲಗೆ. "ದೊಡ್ಡ ನೀರಲ್ವಾ, ಇಳೀರಿ" ಅಂದೆ. ಅಷ್ಟರಲ್ಲಿ ಒಂದು ಅಲೆ ಬಂದು ಅವರ ಪಾದದ ಮೇಲೆ ಕರುಳಿನ ಒಂದು ಎಳೆ ಬಿಟ್ಟು ಹೋಯಿತು. ಬೆಂಕಿ ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ಜೇಬಿನಿಂದ ಕರವಸ್ತ್ರ ತೆಗೆದು, ಬೆರಳು ಬೆರಳಿನ ಸಂದಿಯನ್ನೂ ಒರೆಸಿ, ಆ ಕರವಸ್ತ್ರವನ್ನು ನೀರಿಗೆ ಎಸೆದರು.

ಊರೆಲ್ಲ ನೋಡುತ್ತಿತ್ತು. ಕಾರ್ಖಾನೆಯಲ್ಲಿ ಮೀನು ಸೀಳುವ ಮುದುಕಿಯೊಬ್ಬಳು ಗಟ್ಟಿಯಾಗಿ, "ಅಯ್ಯೋ, ತನ್ನ ಎಂಜಲು ತನಗೇ ಅಸಹ್ಯ ನೋಡ್ರೇ!" ಅಂದಳು. ಬಡಗಿ ಹೋಗಿ ತಾಡಪಾಲು ಎಳೆದು ಹಾಕಿದ. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳ ಕೈ ಹಿಡಿದು ಹೊರಟರು.

ನಾನು ಗೆದ್ದೆ ಅಂದುಕೊಳ್ಳಬೇಡ. ಪೇಪರಿನಲ್ಲಿ ಫೋಟೋ ಬಂದು ಕಾರ್ಖಾನೆಗೆ ಬೀಗ ಬಿದ್ದಿದೆ. ಅದೇ ಮುದುಕಿ ನಿನ್ನೆ ನಮ್ಮ ಬಾಗಿಲ ಮುಂದೆ ನಿಂತು, "ಹೊಟ್ಟೆ ಮೇಲೆ ಹೊಡೆದೆಯಲ್ಲೇ ತಾಯಿ" ಅಂತ ಬೈದು ಉಗಿದು ಹೋದಳು. ತಪ್ಪು ಅನ್ನಲಾರೆ. ಆ ಮನುಷ್ಯ ಎರಡು ಪೆಟ್ಟಿಗೆ ಇಸ್ತ್ರಿ ಬಟ್ಟೆ ತುಂಬಿಕೊಂಡು ಹೋದರು. ನಿನ್ನ ಕಡೆಗೇ ಇರಬೇಕು.


ನವೆಂಬರ್ 18

ಅತ್ತಿಗೆ,

ಬಂದಿದ್ದ. ಒಂದು ವಾರ ಇದ್ದ. ನಾನು ಏನೂ ಕೇಳಬಾರದು, ಅಣ್ಣ ಅಲ್ಲವಾ, ಮೊದಲು ಉಂಡು ಮಲಗಲಿ ಅಂದುಕೊಂಡೆ. ದಿನಾ ಬೆಳಿಗ್ಗೆ ನನ್ನ ಬಚ್ಚಲು ತಿಕ್ಕುತ್ತಿದ್ದ. ಕಿಟಕಿಯ ಸರಳು ಒರೆಸುತ್ತಿದ್ದ. ಕಸದ ಡಬ್ಬ ಮಾತ್ರ ಮೆಟ್ಟಿಲಿಳಿದು ಬೀದಿಯ ತೊಟ್ಟಿಗೆ ಒಯ್ಯಲಿಲ್ಲ. ಹಿಂದಿನ ಕಿಟಕಿಯಿಂದ ಪಕ್ಕದ ಖಾಲಿ ಸೈಟಿಗೆ ಸುರಿಯುತ್ತಿದ್ದ. ಅಲ್ಲಿ ಮಕ್ಕಳು ಚೆಂಡಾಡುತ್ತವೆ. ನಾನು ನೋಡಿಬಿಟ್ಟೆ. "ಅಣ್ಣ, ಅದೇನು ಮಾಡ್ತಿದೀಯ?" ಅಂದೆ.

"ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆಯಲ್ಲ" ಅಂದ.

ಆಗ ನಿಮ್ಮ ನೀರಿನ ಮಾತು ತೆಗೆದೆ. ಅವನಿಗೆ ಕೋಪ ಬರಲಿಲ್ಲ ಅತ್ತಿಗೆ, ಬಂದಿದ್ದರೆ ಚೆನ್ನಾಗಿತ್ತು. ನನ್ನ ಮೇಜಿನ ಮೇಲಿದ್ದ ಅಚ್ಚಿನ ಹಾಳೆಗಳ ಮೇಲೆ ಬೆರಳಿಟ್ಟು, "ನೀನೇ ಬರ್ದಿದೀಯಲ್ಲೇ, ಎಷ್ಟು ಹರವು, ಎಷ್ಟು ಆಳ ಅಂತ. ಅಂಥದ್ದಕ್ಕೆ ನಾನು ಏನು ಮಾಡಿಬಿಡ್ತೀನಿ?" ಅಂದ. ನಿಜ. ಪುಟದ ತುಂಬ ದೊಡ್ಡದು, ದೊಡ್ಡದು, ದೊಡ್ಡದು ಅಂತಲೇ ಬರೆದಿದ್ದೆ. ಕಡಲಿನಂತಿದ್ದ ಅರಾಲ್ ಸರೋವರ ನಾವು ನೋಡನೋಡುತ್ತ ಮರಳಾದದ್ದನ್ನು ಒಂದೇ ಸಾಲಿನಲ್ಲಿ ತೇಲಿಸಿದ್ದೆ. ನಾನೇ ಬರೆದದ್ದು ಅವನ ಬಾಯಲ್ಲಿ ಕೇಳಿ ನನಗೆ ವಾಕರಿಕೆ ಬಂತು. ಈಗ ಗೊತ್ತಾಯಿತು, ಅದು ಎಂಥ ವಾಕರಿಕೆ ಅಂತ.

ಬೇರೆ ರೂಮು ನೋಡಿಕೋ ಅಂದೆ. ನನ್ನ ಜಡೆ ಹೆಣೆದ ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಇಳಿದು ಹೋದ. ಅವನು ಕೂತಿದ್ದ ಕುರ್ಚಿಯನ್ನು ತೊಳೆದೆ. ತೊಳೆದು, ಅದರ ಮುಂದೆ ಕೂತು ಅತ್ತುಬಿಟ್ಟೆ.

ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬರಲಾ? ಮಗನೇ ಇಲ್ಲದ ಮನೆಯಲ್ಲಿ ಅವರ ಭಾರ ನಿಮಗೇಕೆ? ಇನ್ನೊಂದು. ನೀವು ಅವನ ಹೆಂಡತಿಯಾಗಿ ಉಳಿಯದಿದ್ದರೆ ನಾನು ನಿಮ್ಮನ್ನು ಏನೆಂದು ಕರೆಯಲಿ? ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ.

ಚೂಟಿ


ಡಿಸೆಂಬರ್ 5

ಚೂಟಿ,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಕೊನೆಯ ಭಾಗ ಬಿಟ್ಟುಬಿಡೋಣ ಅಂದುಕೊಂಡೆ, ಅವರು ಬಿಡಲಿಲ್ಲ. ಕೇಳಿ ಬಹಳ ಹೊತ್ತು ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು.

ಕಾರ್ಖಾನೆ ಮತ್ತೆ ತೆರೆದಿದೆ. ಹೊಸ ಮ್ಯಾನೇಜರ್ ಕೊಳವೆಯ ಬಾಯಿಗೆ ಸಿಮೆಂಟು ಹಾಕಿಸಿದ್ದಾನೆ. ಮತ್ತೆ ಲಾರಿಗಳು ಓಡುತ್ತಿವೆ, ರಸ್ತೆಯಲ್ಲಿ ಸೋರುತ್ತಿವೆ. ಜನ ಮೂಗು ಮುಚ್ಚಿಕೊಂಡು ನನ್ನನ್ನು ಬೈಯುತ್ತಾರೆ. ಬೈಯಲಿ. ಕಣ್ಣಿಗೆ ಕಾಣುವ ಹೊಲಸನ್ನು ಬೈಯಬಹುದು. ಈಜುಶಾಲೆಗೆ ಬೀಗ. ಬೆಳಿಗ್ಗೆ ನಾಲ್ಕು ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಕೈಕಾಲು ಆಡಿಸುವುದನ್ನು ಕಲಿಸುತ್ತೇನೆ, ಬೆಂಚಿನ ಮೇಲೆ ಬೋರಲು ಮಲಗಿಸಿ. ಬಡಗಿಯ ಮಗಳು ಬರುತ್ತಾಳೆ. ಕೇಳಿಸುವ ಕಿವಿಯ ಕಡೆ ನಿಂತು ಹೇಳಬೇಕು.

ನನಗೆ ವಾಕರಿಕೆ ನಿಂತಿಲ್ಲ. ಕಡಿಮೆಯಾಗಿದೆ, ಅಷ್ಟೆ.

ಅತ್ತೆ ಕೊನೆಗೆ ಮಾತಾಡಿದರು. "ಅವಳಿಗೆ ಬರಿ. ಮಗ ಬಿಟ್ಟ ಮಾತ್ರಕ್ಕೆ ಸೊಸೆ ಬೀದಿಗೆ ಬಿದ್ಲಾ? ಇವಳಿಗೆ ನಾನು ಭಾರ ಅಂತ ಇವಳು ಹೇಳಿದ್ಲಾ? ಅತ್ತಿಗೇನ ಅತ್ತಿಗೆ ಅಂತ ಕರೀದೆ ಇನ್ನೇನಂತಾಳಂತೆ, ತಲೆಹರಟೆ!" ಎಂದು ಬೈದು ಒಳಗೆ ಹೋದರು. ಅವರು ಇಷ್ಟು ಜೋರಾಗಿ ಮಾತಾಡಿ ಎಷ್ಟೋ ತಿಂಗಳಾಗಿತ್ತು.

ರಜೆ ಸಿಕ್ಕರೆ ಬಾ. ಈಜುಡುಗೆ ತರಬೇಡ, ನೀರು ಇನ್ನೂ ಕೆಟ್ಟೇ ಇದೆ. ದಡದಲ್ಲಿ ಕೂತರೆ ತಲೆನೋವು ಬರುತ್ತದೆ. ಆದರೂ ಬಾ. ಮೂಗು ಮುಚ್ಚಿಕೊಳ್ಳದೆ ಒಂದು ಗಳಿಗೆ ಜೊತೆಯಲ್ಲಿ ಕೂರುವವರು ಒಬ್ಬರು ನನಗೆ ಬೇಕಾಗಿದ್ದಾರೆ.

ನಿನ್ನ ಅತ್ತಿಗೆ